ಚಟ ಬಿಡಿಸುವ ವಿಡಿಯೋಗಳನ್ನು ನಂಬಬಹುದೇ?

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಎಲ್ಲರಿಗೂ ತಿಳಿದದ್ದೇ. ಈಗ ಈ ಮಾತನ್ನು ಮೊಬೈಲಿನ ವಿಡಿಯೋಗಳಿಗೂ ಅನ್ವಯಿಸಬೇಕಾಗಿದೆ. ಕುಡಿತ, ಗಾಂಜಾ, ಗುಟ್ಕಾಗಳ ಚಟ ಬಿಡಿಸುವ ಉಪಾಯ ಹೇಳುವ ವಿಡಿಯೋಗಳು ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಹೇರಳವಾಗಿವೆ. ದೇವನಕೊಂಡ, ಆದೋನಿ ಸೀಮೆಯ ನಾವು ಎರಡು ಭಾಷೆಗಳ ನಡುವೆ ಬಾಳುವವರು. ಆದ್ದರಿಂದ ಎರಡರ ಒಳ್ಳೆಯದೂ ಕೆಟ್ಟದ್ದೂ ನಮ್ಮ ಮನೆಯನ್ನು ಸೇರುತ್ತವೆ.

ಈ ಪಿಡುಗು ಸಣ್ಣದಲ್ಲ. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯವರು ನಡೆಸಿ, 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯಂತೆ, ಮದ್ಯದಿಂದ ತೊಂದರೆಗೊಳಗಾಗಿ ನೆರವು ಬೇಕಾದವರೇ ನಮ್ಮ ದೇಶದಲ್ಲಿ ಸುಮಾರು 5.7 ಕೋಟಿ. ಇಷ್ಟು ಮನೆಗಳಲ್ಲಿ ದುಃಖವಿದ್ದರೆ, ಆ ದುಃಖವನ್ನೇ ಬಂಡವಾಳ ಮಾಡಿಕೊಳ್ಳುವವರೂ ಇರುತ್ತಾರೆ.

"ಊಟದಲ್ಲಿ ಗುಟ್ಟಾಗಿ ಈ ಪುಡಿ ಬೆರೆಸಿರಿ, ವಾರದಲ್ಲಿ ಕುಡಿತ ಬಿಡುತ್ತದೆ" ಎಂಬ ಮಾತನ್ನು ಕೇಳುತ್ತೇವೆ. ಇದರಲ್ಲಿರುವ ಅಪಾಯವೇನು? ನಾವು ಕುಡಿದ ಮದ್ಯವನ್ನು ಯಕೃತ್ತು ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಸ್ತುವನ್ನಾಗಿಯೂ, ಅನಂತರ ನಿರಪಾಯವಾದ ಪದಾರ್ಥವನ್ನಾಗಿಯೂ ಮಾರ್ಪಡಿಸುತ್ತದೆ. ಡೈಸಲ್ಫಿರಾಮ್ ಎಂಬ ಔಷಧ ಈ ಎರಡನೆಯ ಕ್ರಿಯೆಯನ್ನು ತಡೆಯುತ್ತದೆ. ಕುಡಿತ ಬಿಡಿಸಲು ಇದು ಉಪಯೋಗವಾಗುವುದೆಂದು 1948ರಲ್ಲಿ ಡೆನ್ಮಾರ್ಕಿನ ವಿಜ್ಞಾನಿಗಳು ತಿಳಿಸಿದರು. ಇದನ್ನು ತೆಗೆದುಕೊಂಡವನು ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಡವಗುಟ್ಟುತ್ತದೆ; ರಕ್ತದ ಒತ್ತಡ ಕುಸಿದು ಪ್ರಾಣಕ್ಕೂ ಸಂಚಕಾರ ಬರಬಹುದು. ಆದುದರಿಂದ ವೈದ್ಯರು ಪರೀಕ್ಷೆ ಮಾಡಿ, ರೋಗಿಗೆ ತಿಳಿಸಿ, ಅವನ ಒಪ್ಪಿಗೆ ಪಡೆದೇ ಇದನ್ನು ಕೊಡುತ್ತಾರೆ. ಹೆಸರಿಲ್ಲದ ಪುಡಿಯಲ್ಲಿ ಏನಿದೆಯೆಂದು ಬಲ್ಲವರಾರು?

"ಕೋಣೆಯಲ್ಲಿ ಕೂಡಿಹಾಕಿ, ಒಮ್ಮೆಲೇ ಬಿಡಿಸಿರಿ" ಎಂಬುದು ಇನ್ನೊಂದು ತಪ್ಪು ಸಲಹೆ. ವರ್ಷಗಟ್ಟಲೆ ದಿನವೂ ಹೆಚ್ಚಾಗಿ ಕುಡಿದವರು ಹಠಾತ್ತನೆ ನಿಲ್ಲಿಸಿದರೆ, ಎರಡು ಮೂರು ದಿನಗಳಲ್ಲಿ ಕೈನಡುಕ, ಫಿಟ್ಸ್, ಭ್ರಮೆ ಕಾಣಿಸಿಕೊಳ್ಳಬಹುದು. ಅಂಥವರಿಗೆ ಆಸ್ಪತ್ರೆಯ ಆರೈಕೆ ಅಗತ್ಯ.

ಹಾಗಾದರೆ ವಿಡಿಯೋವನ್ನು ಪರೀಕ್ಷಿಸುವುದು ಹೇಗೆ? ಹೇಳುವವರು ಯಾರು, ಅವರ ಓದೇನು? ಕೊನೆಯಲ್ಲಿ ಏನನ್ನಾದರೂ ಮಾರುತ್ತಾರೆಯೇ? ನೂರಕ್ಕೆ ನೂರು ಗುಣವೆಂದು ಭರವಸೆ ಕೊಡುತ್ತಾರೆಯೇ? ಅಪಾಯಗಳನ್ನು ಮರೆಮಾಚುತ್ತಾರೆಯೇ? ಲಕ್ಷ ಜನ ನೋಡಿದ್ದಾರೆಂಬುದು ಸತ್ಯಕ್ಕೆ ಸಾಕ್ಷಿಯಲ್ಲ. ಚಟ ಬಿಟ್ಟವರೊಬ್ಬರ ಅನುಭವ ಧೈರ್ಯ ಕೊಡಬಹುದು. ಆದರೆ ಒಬ್ಬರಿಗೆ ಒಗ್ಗಿದ್ದು ಎಲ್ಲರಿಗೂ ಒಗ್ಗಬೇಕೆಂದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಂಸ್ಥೆಯ ತಜ್ಞರು ಹೇಳಿದ್ದರೆ ಹೆಚ್ಚು ನಂಬಬಹುದು. ಆದರೂ ವಿಡಿಯೋ ತಿಳಿವಳಿಕೆ ಕೊಟ್ಟೀತೇ ಹೊರತು ಚಿಕಿತ್ಸೆ ಕೊಡಲಾರದು.

ವಿದ್ಯಾರ್ಥಿಗಳೇ, ತಂದೆತಾಯಿಗಳೇ, ವ್ಯಸನವೆಂಬುದು ಕಾಯಿಲೆ, ಬಚ್ಚಿಡಬೇಕಾದ ಕಳಂಕವಲ್ಲ. ಬಚ್ಚಿಟ್ಟಷ್ಟೂ ಮೋಸಗಾರರಿಗೆ ಅನುಕೂಲ. ಸರಕಾರದ ವ್ಯಸನಮುಕ್ತಿ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416. ಎರಡಕ್ಕೂ ಹಣ ಕೊಡಬೇಕಿಲ್ಲ. ನೋಡಿದ್ದನ್ನು ಪಾಲಿಸುವ ಮೊದಲು ಸರಕಾರಿ ಆಸ್ಪತ್ರೆಯ ವೈದ್ಯರನ್ನು ಒಂದು ಮಾತು ಕೇಳೋಣ. ಆ ಒಂದು ಮಾತು ಒಂದು ಜೀವವನ್ನು ಉಳಿಸಬಹುದು.