ಕಾನೂನು ನೆರವಿಗೆ ಕೃತಕ ಬುದ್ಧಿ: ನಂಬಿಕೆ ಎಷ್ಟು, ಎಚ್ಚರ ಎಷ್ಟು?

ತುಂಗಭದ್ರೆಯ ದಂಡೆಯಲ್ಲಿರುವ ಬುಕ್ಕಸಾಗರದಲ್ಲಿ ಬಾಳೆ, ಭತ್ತ ಬೆಳೆಯುವ ಒಂದು ಕುಟುಂಬವನ್ನು ಊಹಿಸಿಕೊಳ್ಳಿ. ತಂದೆ 2001ರಲ್ಲಿ ತೀರಿಕೊಂಡರು. ಪಿತ್ರಾರ್ಜಿತ ಗದ್ದೆ ಇನ್ನೂ ಪಾಲಾಗಿಲ್ಲ. ಮದುವೆಯಾಗಿ ಕಂಪ್ಲಿಗೆ ಹೋದ ಮಗಳಿಗೆ ಅದರಲ್ಲಿ ಅಣ್ಣನಷ್ಟೇ ಪಾಲುಂಟೆ? ಹಿಂದೆ ಇಂಥ ಪ್ರಶ್ನೆಗೆ ಹೊಸಪೇಟೆಯ ವಕೀಲರನ್ನೇ ಕಾಣಬೇಕಿತ್ತು. ಇಂದು ಕಾಲೇಜಿಗೆ ಹೋಗುವ ಅವಳ ಮಗ ಮೊಬೈಲಿನಲ್ಲಿ ಕನ್ನಡದಲ್ಲೇ ಕೇಳುತ್ತಾನೆ. ಕ್ಷಣಾರ್ಧದಲ್ಲಿ ಉತ್ತರ ಬರುತ್ತದೆ. ಆ ಉತ್ತರ ತಪ್ಪಾದರೆ ತಾಯಿಯ ಪಾಲಿನ ಗದ್ದೆಯೇ ಕೈತಪ್ಪಬಹುದು.

ಯಂತ್ರಕ್ಕೆ ಕಾನೂನು ಗೊತ್ತೆ?

ಈ ಯಂತ್ರಗಳು ಕೋಟ್ಯಂತರ ಪುಟಗಳ ಬರಹದಿಂದ ತರಬೇತಿ ಪಡೆದಿವೆ. ಯಾವ ಪದದ ನಂತರ ಯಾವ ಪದ ಬರುವ ಸಂಭವ ಹೆಚ್ಚು ಎಂಬ ಲೆಕ್ಕಾಚಾರವೇ ಅವುಗಳ ಮೂಲ ಬಂಡವಾಳ. ಆದ್ದರಿಂದ ಉತ್ತರ ಸುಲಲಿತವಾಗಿರುತ್ತದೆ. ಆದರೆ ಸುಲಲಿತವಾದದ್ದೆಲ್ಲ ಸತ್ಯವಲ್ಲ. ಪಾಠ ಓದದ ಜಾಣ ಹುಡುಗ ಪರೀಕ್ಷೆಯಲ್ಲಿ ಪುಟ ತುಂಬಿಸುವಂತೆ, ಯಂತ್ರವೂ ಕೆಲವೊಮ್ಮೆ ಇಲ್ಲದ್ದನ್ನು ಕಟ್ಟಿ ಹೇಳುತ್ತದೆ.

2023ರಲ್ಲಿ ನ್ಯೂಯಾರ್ಕಿನ ವಕೀಲರು ಚಾಟ್‌ಜಿಪಿಟಿ ಸೃಷ್ಟಿಸಿದ, ಅಸ್ತಿತ್ವದಲ್ಲೇ ಇಲ್ಲದ ತೀರ್ಪುಗಳನ್ನು ನ್ಯಾಯಾಲಯಕ್ಕೆ ಸಲ್ಲಿಸಿ 5,000 ಡಾಲರ್ ದಂಡ ತೆತ್ತರು. ನಮ್ಮ ಬೆಂಗಳೂರಿನಲ್ಲೂ 2024ರ ಡಿಸೆಂಬರಿನಲ್ಲಿ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಆದೇಶವೊಂದರಲ್ಲಿ ಇಲ್ಲದ ತೀರ್ಪುಗಳು ನುಸುಳಿದ್ದವು, ಆದೇಶವನ್ನು ಹಿಂಪಡೆಯಬೇಕಾಯಿತು.

ಬುಕ್ಕಸಾಗರದ ಪ್ರಶ್ನೆಗೆ ಉತ್ತರ

ಹಳೆಯ ಕಾನೂನನ್ನೇ ಇಂದಿನದೆಂದು ಹೇಳುವ ಅಪಾಯವೂ ಉಂಟು. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಮಗಳಿಗೂ ಮಗನಂತೆ ಹುಟ್ಟಿನಿಂದಲೇ ಸಮಪಾಲು ಕೊಟ್ಟಿತು. ಆದರೆ ಕರ್ನಾಟಕದಿಂದಲೇ ಹೋಗಿದ್ದ ಪ್ರಕಾಶ್–ಫೂಲವತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರಲ್ಲಿ, ಆ ದಿನ ತಂದೆ ಬದುಕಿರಬೇಕು ಎಂದಿತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಆ ಷರತ್ತನ್ನು ತೆಗೆದುಹಾಕಿತು.

ಯಂತ್ರ 2015ರ ತೀರ್ಪನ್ನು ಹಿಡಿದರೆ ಮಗಳಿಗೆ ಸಮಪಾಲಿಲ್ಲ. 2020ರದನ್ನು ಹಿಡಿದರೆ ಉಂಟು. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಾಯಿತ ಪಾಲುಪತ್ರವಾಗಿದ್ದರೆ ಅದನ್ನು ಈ ತಿದ್ದುಪಡಿ ಮುಟ್ಟುವುದಿಲ್ಲ. ಆದ್ದರಿಂದ ಮೊದಲು ನೋಡಬೇಕಾದದ್ದು ಮನೆಯ ಪೆಟ್ಟಿಗೆಯಲ್ಲಿರುವ ಕಾಗದಪತ್ರ. ಅದನ್ನು ಮೊಬೈಲು ತಾನಾಗಿ ಊಹಿಸಲಾರದು.

ಉಪಯೋಗವೂ ಉಂಟು

ಹಾಗೆಂದು ಯಂತ್ರವನ್ನು ದೂರವಿಡಬೇಕಿಲ್ಲ. ಮೇಲಿನ ನ್ಯಾಯಾಲಯಗಳ ಇಂಗ್ಲಿಷ್ ತೀರ್ಪು ಹಳ್ಳಿಯ ಕಕ್ಷಿದಾರನಿಗೆ ಅರ್ಥವಾಗುವುದಿಲ್ಲ. 2019ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆರಂಭಿಸಿದ ‘ಸುವಾಸ್’ ಎಂಬ ಅನುವಾದ ತಂತ್ರಾಂಶದ ಮೊದಲ ಒಂಬತ್ತು ಭಾಷೆಗಳಲ್ಲಿ ಕನ್ನಡವೂ ಒಂದು. ಆದರೆ ಇಲ್ಲೂ ಮನುಷ್ಯನ ಕಣ್ಣು ಬೇಕು. ಮೇಲ್ಮನವಿಗೆ ಅನುಮತಿ ನೀಡಲಾಗಿದೆ ಎಂಬರ್ಥದ ‘ಲೀವ್ ಗ್ರಾಂಟೆಡ್’ ಎಂಬುದನ್ನು ಯಂತ್ರವು ‘ರಜೆ ಮಂಜೂರಾಗಿದೆ’ ಎಂಬಂತೆ ಅನುವಾದಿಸಿದ ಪ್ರಸಂಗವನ್ನು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳೇ ಹೇಳಿದ್ದಾರೆ.

ಅರ್ಜಿಯ ಕರಡು ಬರೆಯಲು, ಕಠಿಣ ಪದದ ಅರ್ಥ ತಿಳಿಯಲು, ವಕೀಲರಿಗೆ ಕೇಳಬೇಕಾದ ಪ್ರಶ್ನೆಗಳನ್ನು ಪಟ್ಟಿ ಮಾಡಲು ಯಂತ್ರ ಒಳ್ಳೆಯ ಸಹಾಯಕ. ಆದರೆ ಅದರೊಳಗೆ ಆಧಾರ್ ಸಂಖ್ಯೆ, ಬ್ಯಾಂಕ್ ವಿವರ, ಮನೆಯ ಗುಟ್ಟುಗಳನ್ನು ಹಾಕಬಾರದು.

ಎಲ್ಲಿಗೆ ಹೋಗಬೇಕು?

ಸಂವಿಧಾನದ 39-ಎ ವಿಧಿ ಉಚಿತ ಕಾನೂನು ನೆರವನ್ನು ಸರ್ಕಾರದ ಹೊಣೆಯೆನ್ನುತ್ತದೆ. ಇದಕ್ಕಾಗಿ ರೂಪಿಸಿದ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆ 1995ರ ನವೆಂಬರ್ 9ರಿಂದ ಜಾರಿಯಲ್ಲಿದೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಬಂಧನದಲ್ಲಿರುವವರು ಮೊದಲಾದವರಿಗೆ ಆದಾಯದ ಮಿತಿಯಿಲ್ಲದೆ ವಕೀಲರ ನೆರವು ದೊರೆಯುತ್ತದೆ. ಬುಕ್ಕಸಾಗರದ ಆ ಮಗಳೂ ಇದಕ್ಕೆ ಅರ್ಹಳು. ಅವಳು ಹೊಸಪೇಟೆಯ ನ್ಯಾಯಾಲಯದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ವಿಚಾರಿಸಬಹುದು. 15100ಕ್ಕೆ ಕರೆ ಮಾಡಬಹುದು.

ಓದು ಬಲ್ಲ ಮಕ್ಕಳು ಮನೆಯವರಿಗಾಗಿ ಯಂತ್ರವನ್ನು ಕೇಳುವಾಗ ಮೂರು ಪ್ರಶ್ನೆ ಮರೆಯಬಾರದು: ಇದು ಯಾವ ಕಾಯಿದೆ? ಯಾವ ವರ್ಷದ ತೀರ್ಪು? ಅದು ಸುಪ್ರೀಂ ಕೋರ್ಟ್ ಅಥವಾ ಹೈಕೋರ್ಟಿನ ಜಾಲತಾಣದಲ್ಲಿ ನಿಜಕ್ಕೂ ಇದೆಯೆ? ಉತ್ತರವನ್ನು ಬರೆದುಕೊಂಡು ವಕೀಲರಿಗೆ ತೋರಿಸಬೇಕು. ಅವರು ಕಾಗದಪತ್ರ ನೋಡಿ ಹೇಳುವ ತನಕ ಯಾವುದಕ್ಕೂ ಸಹಿ ಹಾಕಬಾರದು.