ಪುಣೆ ಡಿವಿಷನ್‌ನಲ್ಲಿ ನಮ್ಮ ಬೆಳಗಾವಿಯ ಸಿಪಾಯಿ
ಮೆಸೊಪೊಟೇಮಿಯಾದಲ್ಲಿ 147 ದಿನಗಳ ಮುತ್ತಿಗೆ. ಸ್ಮಾರಕದಲ್ಲಿ ಹೆಸರಿಲ್ಲ, ಲೆಕ್ಕ ಮಾತ್ರ

ಪುಣೆ: ಖಡ್ಕಿಯ ಯುದ್ಧ ಸ್ಮಶಾನವನ್ನು ನಮ್ಮಲ್ಲಿ ಹಲವರು ಬಸ್ಸಿನ ಕಿಟಕಿಯಿಂದ ನೋಡಿರುತ್ತೇವೆ, ಒಳಗೆ ಹೋದವರು ಕಡಿಮೆ. ಅಲ್ಲಿನ ಸ್ಮಾರಕವೊಂದು ಮೊದಲನೇ ಮಹಾಯುದ್ಧದ ಕಾಲದಲ್ಲಿ ಭಾರತದಲ್ಲಿ ಮಡಿದ 1,800ಕ್ಕೂ ಹೆಚ್ಚು ಯೋಧರನ್ನು ನೆನೆಯುತ್ತದೆ. ಅವರಲ್ಲಿ ಬಹುತೇಕರು ಬ್ರಿಟನ್ನಿನವರು. ಊರು ಬಿಟ್ಟು ಬಂದು ಇಲ್ಲಿ ತೀರಿಕೊಂಡವರಿಗೆ ಪುಣೆ ಹೆಸರಿನ ಗೌರವ ಕೊಟ್ಟಿದೆ. ಆದರೆ ಇದೇ ಪುಣೆಯ ಹೆಸರು ಹೊತ್ತು ಕಡಲಾಚೆಗೆ ಹೋಗಿ ಅಲ್ಲೇ ಮಣ್ಣಾದ ನಮ್ಮವರಿಗೆ ಏನು ಸಿಕ್ಕಿತು?

ಆ ಪಡೆಯ ಹೆಸರು 6ನೇ (ಪುಣೆ) ಡಿವಿಷನ್. ಅದರಲ್ಲಿ ಮೂರು ಬ್ರಿಗೇಡುಗಳಿದ್ದವು: ಪುಣೆ, ಅಹಮದ್‌ನಗರ ಮತ್ತು ಬೆಳಗಾವಿ. ಆಗ ಬೆಳಗಾವಿ, ಧಾರವಾಡ, ವಿಜಯಪುರ, ಕಾರವಾರಗಳೆಲ್ಲ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದವು. ಇಂದು ನಾವು ಹೊಟ್ಟೆಪಾಡಿಗಾಗಿ ಮೀರಜ್ ದಾಟಿ ಪುಣೆಗೆ ಬಂದಂತೆ, ಅಂದಿನ ಯುವಕರು ತಿಂಗಳಿಗೆ 11 ರೂಪಾಯಿ ಸಂಬಳದ ಪಲ್ಟಣ ಸೇರುತ್ತಿದ್ದರು. ಬೆಳಗಾವಿ ಬ್ರಿಗೇಡಿನಲ್ಲಿದ್ದ 110ನೇ ಮರಾಠಾ ದಳದಲ್ಲಿ ದಖ್ಖನ್ ಹಾಗೂ ಕೊಂಕಣದ ಮರಾಠರೂ ದಖ್ಖನಿ ಮುಸಲ್ಮಾನರೂ ಇದ್ದರು. ಮನೆಯಲ್ಲೊಂದು, ಸಂತೆಯಲ್ಲೊಂದು ಭಾಷೆ ಆಡುವ ಗಡಿನಾಡಿನ ಹಳ್ಳಿಗಳಿಗೆ ಈ ಪಲ್ಟಣ ಹೊಸದೇನಾಗಿರಲಿಲ್ಲ.

ಬಸ್ರಾದಿಂದ ಬಾಗ್ದಾದಿನ ಬಾಗಿಲಿಗೆ

ಡಿವಿಷನ್ನಿನ ಮೊದಲ ತುಕಡಿ 1914ರ ನವೆಂಬರ್ 6ರಂದು ಇಂದಿನ ಇರಾಕಿನ ಫಾವ್ ಬಂದರಿನಲ್ಲಿ ಇಳಿಯಿತು. ಪರ್ಷಿಯಾದ ತೈಲವನ್ನೂ ಕೊಲ್ಲಿಯ ದಾರಿಯನ್ನೂ ಕಾಯುವುದು ಬ್ರಿಟಿಷರ ಉದ್ದೇಶವಾಗಿತ್ತು. ಅದೇ ತಿಂಗಳು ಬಸ್ರಾ ಕೈಸೇರಿತು. 1915ರ ಮೇ ಕೊನೆಯ ಹೊತ್ತಿಗೆ ಟೈಗ್ರಿಸ್ ನದಿಯ ನೆರೆ ಬಯಲನ್ನೆಲ್ಲ ಮುಚ್ಚಿತ್ತು. ಬಯಲುಸೀಮೆಯಲ್ಲಿ ಬೆಳೆದ ಸಿಪಾಯಿಗಳು ಉದ್ದನೆಯ ದೋಣಿಗಳಿಗೆ ಗಳ ಹಾಕುವುದನ್ನು ಕಲಿತು, ನೀರಿನ ಮೇಲೇ ಯುದ್ಧಕ್ಕೆ ಹೋದರು. ಜೂನ್ 3ರಂದು ಅಮಾರಾ, ಸೆಪ್ಟೆಂಬರಿನಲ್ಲಿ ಕೂಟ್ ಪಟ್ಟಣ ವಶವಾದವು.

ಗೆಲುವು ಗೆಲುವಿನ ಆಸೆ ಹೆಚ್ಚಿಸಿತು. ಸಾಕಷ್ಟು ದೋಣಿಗಳಿಲ್ಲ, ಆಸ್ಪತ್ರೆ ಹಡಗುಗಳಿಲ್ಲ. ಆದರೂ ಬಾಗ್ದಾದಿಗೆ ನಡೆಯಿರಿ ಎಂಬ ಆಜ್ಞೆ ಬಂತು. 1915ರ ನವೆಂಬರ್ 22ರಂದು ಬಾಗ್ದಾದಿಗೆ ಸಮೀಪದ ಟೆಸಿಫೋನ್‌ನಲ್ಲಿ ಪಡೆ ಮುಗ್ಗರಿಸಿತು. ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿ ಸತ್ತರು, ಇಲ್ಲವೆ ಗಾಯಗೊಂಡರು. ಮೂಳೆ ಮುರಿದವರನ್ನು ಸ್ಪ್ರಿಂಗಿಲ್ಲದ ಸಾಮಾನು ಗಾಡಿಗಳಲ್ಲಿ ಹೇರಿ ತಂದರು. ಈ ಅವ್ಯವಸ್ಥೆಯ ವಿಚಾರಣೆಗೆ ಆಯೋಗವೇ ನೇಮಕವಾಗಿ, 1917ರಲ್ಲಿ ಭಾರತ ಮಂತ್ರಿ ಆಸ್ಟಿನ್ ಚೇಂಬರ್ಲೇನ್ ರಾಜೀನಾಮೆ ನೀಡಬೇಕಾಯಿತು.

ಕೂಟ್‌ನಲ್ಲಿ ಹಸಿವು

ಹಿಂದೆ ಸರಿದ ಪಡೆ ಕೂಟ್ ಸೇರಿತು. ಡಿಸೆಂಬರ್ ಮೊದಲ ವಾರದಲ್ಲಿ ತುರ್ಕಿ ಸೈನ್ಯ ಮುತ್ತಿಗೆ ಹಾಕಿತು. ಒಳಗೆ ಸಿಕ್ಕವರಲ್ಲಿ 103, 110 ಮತ್ತು 117ನೇ ಮರಾಠಾ ದಳಗಳೂ ನಮ್ಮ ಖಡ್ಕಿಯ ಸ್ಯಾಪರ್ಸ್ ಕಂಪನಿಗಳೂ ಇದ್ದವು. ದಿನ ಕಳೆದಂತೆ ಹಿಟ್ಟಿನ ಪಾಲು ಕುಗ್ಗಿತು. ತರಕಾರಿಯಿಲ್ಲದೆ ಸಿಪಾಯಿಗಳ ವಸಡಿನಲ್ಲಿ ರಕ್ತ ಒಸರತೊಡಗಿತು. ಕುದುರೆಗಳನ್ನು ಕಡಿದು ಮಾಂಸ ಹಂಚಿದರು. ಭಾರತದ ಧರ್ಮಗುರುಗಳಿಂದ ಅನುಮತಿ ತರಿಸಿದರೂ ಸಿಪಾಯಿಗಳು ಬಹುಕಾಲ ಮುಟ್ಟಲಿಲ್ಲ. ಊರಿಗೆ ಮರಳಿದ ಮೇಲೆ ಜಾತಿಯವರು ಏನೆನ್ನುತ್ತಾರೆ, ಹೆಣ್ಣು ಯಾರು ಕೊಡುತ್ತಾರೆ ಎಂಬ ಅಂಜಿಕೆ ಅವರದು. ಸಾವು ಎದುರಿಗಿದ್ದಾಗಲೂ ಅವರ ಮನಸ್ಸು ಊರ ಕಟ್ಟೆಯ ಮೇಲೇ ಇತ್ತು. ಏಪ್ರಿಲ್ ಮಧ್ಯದ ಹೊತ್ತಿಗೆ ಹಸಿವೇ ಗೆದ್ದು, ಸಾವಿರಾರು ಮಂದಿ ತಿನ್ನತೊಡಗಿದರು.

ವಿಮಾನಗಳಿಂದ ಆಹಾರದ ಚೀಲಗಳನ್ನು ಉದುರಿಸಿ ನೋಡಿದರು, ಸಾಲಲಿಲ್ಲ. ಬಿಡಿಸಲು ಬಂದ ಸೈನ್ಯವೇ 20,000ಕ್ಕೂ ಮೀರಿ ಸಾವು-ನೋವು ಉಂಡಿತು. ಕೊನೆಗೆ 1916ರ ಏಪ್ರಿಲ್ 29ರಂದು, 147 ದಿನಗಳ ನಂತರ, ಸುಮಾರು 13,000 ಮಂದಿ ಶರಣಾದರು. ಅವರನ್ನು ಮರುಭೂಮಿಯಲ್ಲಿ ನಡೆಸಿಕೊಂಡು ಹೋದರು. ಸೆರೆಯಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಜನ ತೀರಿಕೊಂಡರು. ರಾಸ್ ಅಲ್ ಐನ್‌ನಲ್ಲಿ ಸಿಪಾಯಿಗಳು ರೈಲು ದಾರಿಯ ಕೂಲಿ ಮಾಡುತ್ತಿದ್ದಾಗ, ಅವರ ಸೇನಾಪತಿ ಜನರಲ್ ಟೌನ್ಸೆಂಡ್ ಇಸ್ತಾಂಬುಲ್ ಬಳಿಯ ದ್ವೀಪವೊಂದರಲ್ಲಿ ಬಂಗಲೆವಾಸಿಯಾಗಿದ್ದರು. ಬಂಗಾಳದ ಆಂಬುಲೆನ್ಸ್ ದಳದ ಶಿಶಿರ್ ಸರ್ಬಾಧಿಕಾರಿ ಈ ಸೆರೆವಾಸವನ್ನು ಅನುಭವಿಸಿ, ‘ಅಭಿ ಲೇ ಬಾಗ್ದಾದ್’ ಎಂಬ ಪುಸ್ತಕದಲ್ಲಿ ದಾಖಲಿಸಿದ್ದಾರೆ.

ಸಿಪಾಯಿ ಎಷ್ಟೇ ಶೂರನಾದರೂ ಆಗ ಅವನಿಗೆ ಸುಬೇದಾರ್ ಮೇಜರ್ ಹುದ್ದೆಯೇ ಕೊನೆಯ ಮೆಟ್ಟಿಲು. ಭಾರತೀಯರಿಗೂ ಸೈನ್ಯದಲ್ಲಿ ಅಧಿಕಾರಿ ಹುದ್ದೆ ಕೊಡುವ ಭರವಸೆ ಸಿಕ್ಕರೆ 5,000 ಜನರನ್ನು ಭರ್ತಿ ಮಾಡಿಸುವೆನೆಂದು 1918ರಲ್ಲಿ ಪುಣೆಯ ಲೋಕಮಾನ್ಯ ತಿಲಕರು ಗಾಂಧೀಜಿಗೆ 50,000 ರೂಪಾಯಿಯ ಚೆಕ್ಕನ್ನೇ ಕಳುಹಿಸಿದ್ದು ಇಲ್ಲಿ ಸ್ಮರಣೀಯ.

‘ಇತರ ಸೈನಿಕರು’

ಮೆಸೊಪೊಟೇಮಿಯಾದಲ್ಲಿ ಮಡಿದು ಸಮಾಧಿ ಕಾಣದವರಿಗಾಗಿ ಬಸ್ರಾದಲ್ಲಿ ಸ್ಮಾರಕ ಕಟ್ಟಿದರು. 40,000ಕ್ಕೂ ಹೆಚ್ಚು ಜನರ ನೆನಪಿನದು. ಅವರಲ್ಲಿ ಹೆಚ್ಚಿನವರು ಭಾರತೀಯರು. ಬ್ರಿಟಿಷ್ ಸೈನಿಕರ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಿದರು. ಭಾರತೀಯರಲ್ಲಿ ಅಧಿಕಾರಿಗಳ ಹೆಸರಷ್ಟೇ ಬಂತು. ಸಾಮಾನ್ಯ ಸಿಪಾಯಿಗಳನ್ನು ಅವರವರ ದಳದ ಕೆಳಗೆ ‘ಇತರ ಭಾರತೀಯ ಸೈನಿಕರು ಇಂತಿಷ್ಟು’ ಎಂದು ಎಣಿಸಿ ಮುಗಿಸಿದರು. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ 2021ರಲ್ಲಿ ಪ್ರಕಟಿಸಿದ ವರದಿಯಲ್ಲಿ ಇಂತಹ ಅಸಮಾನತೆಯನ್ನು ಒಪ್ಪಿಕೊಂಡು ಕ್ಷಮೆ ಕೇಳಿದೆ.

ಈಗ ಆಯೋಗದ ಅಂತರ್ಜಾಲ ತಾಣದಲ್ಲಿ ಈ ಸಿಪಾಯಿಗಳ ಹೆಸರುಗಳನ್ನು ಹುಡುಕಬಹುದು. ಎಷ್ಟೋ ಕಡೆ ತಂದೆಯ ಹೆಸರು, ಹಳ್ಳಿ, ಜಿಲ್ಲೆಯೂ ಇವೆ. ಹಳೆಯ ಇಂಗ್ಲಿಷ್ ಬರವಣಿಗೆಯಾದ್ದರಿಂದ ಊರು-ಹೆಸರುಗಳನ್ನು ನಾಲ್ಕಾರು ರೀತಿ ಬರೆದು ನೋಡಬೇಕು. ಬೆಳಗಾವಿ ಅಲ್ಲಿ ಬೆಲ್ಗಾಮ್, ಪುಣೆ ಪೂನಾ. ದಳದ ಸಂಖ್ಯೆ ಗೊತ್ತಿದ್ದರೆ ಕೆಲಸ ಇನ್ನೂ ಸುಲಭ. 1922ರಲ್ಲಿ ಈ ಮರಾಠಾ ದಳಗಳೆಲ್ಲ ಒಂದೇ ರೆಜಿಮೆಂಟಿನಡಿ ಸೇರಿದವು. ಇಂದಿನ ಮರಾಠಾ ಲಘು ಪದಾತಿ ದಳ ಅವುಗಳ ವಾರಸುದಾರ. ಅದರ ಕೇಂದ್ರ ಇರುವುದು ಬೆಳಗಾವಿಯಲ್ಲೇ.

‘ನಮ್ಮ ಮುತ್ಯಾ ಪಲ್ಟಣದಾಗ ಇದ್ದನಂತ, ಬಸ್ರಾಕ್ಕ ಹೋದಂವ ತಿರುಗಿ ಬರಲಿಲ್ಲಂತ’ ಎಂಬ ಮಾತು ನಿಮ್ಮ ಮನೆಯಲ್ಲೂ ಇದ್ದೀತು. ಈ ಸಲ ಊರಿಗೆ ಹೋದಾಗ ಅಟ್ಟದ ಮೇಲಿನ ಟ್ರಂಕು ತೆರೆಯಿರಿ. ಒಂದು ಪದಕ, ಪೆನ್ಶನ್ ಕಾಗದ, ಅಂಚಿನಲ್ಲಿ ಕೊರೆದ ಒಂದು ನಂಬರು ಸಿಕ್ಕರೂ ಸಾಕು. ಹಿರಿಯರನ್ನು ಕೇಳಿ ಹೆಸರು ಬರೆದಿಡಿ. ನಮ್ಮ ಸಂಘಗಳು ರಾಜ್ಯೋತ್ಸವದ ವೇದಿಕೆಯಲ್ಲಿ ಅಂತಹ ನಾಲ್ಕು ಹೆಸರುಗಳನ್ನು ಓದಿಸಲು ಐದು ನಿಮಿಷ ಮೀಸಲಿಟ್ಟರೆ, ಕಲ್ಲಿನ ಮೇಲೆ ‘ಇತರರು’ ಆಗಿ ಉಳಿದವರು ನಮ್ಮ ನಡುವೆಯಾದರೂ ಹೆಸರು ಹಿಡಿದು ಕರೆಸಿಕೊಂಡಾರು.