ನಾಣಿಯ ಕಣ್ಣಲ್ಲಿ ಉಳಿದದ್ದು

ಬೆಳಗಾವಿಯ ಶಿವಬಸವ ನಗರದಲ್ಲಿರುವ ನಾಗನೂರು ರುದ್ರಾಕ್ಷಿ ಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದವರಿಗೆ ಮಠವೆಂದರೆ ಅನ್ನ ಮತ್ತು ಅಕ್ಷರ. ಆದರೆ ಧರ್ಮದ ಸೂರಿನಡಿ ಬೆಳೆಯುವ ಮಗುವಿಗೆ ಅಕ್ಷರದ ಜೊತೆ ಭಯವೂ ದಕ್ಕುವುದುಂಟು. ಮಲೆನಾಡಿನ ಅಗ್ರಹಾರದ ಆ ಭಯವನ್ನು ಯು.ಆರ್. ಅನಂತಮೂರ್ತಿಯವರಷ್ಟು ಬಿಡದೆ ಕೆದಕಿದ ಕಥೆಗಾರರು ವಿರಳ.

ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ 1932ರಲ್ಲಿ ಹುಟ್ಟಿದ ಅವರು ಚಿಕ್ಕಂದಿನಲ್ಲಿ ಕಲಿತದ್ದು ದೂರ್ವಾಸಪುರದ ಸಂಸ್ಕೃತ ಪಾಠಶಾಲೆಯಲ್ಲಿ. ಮಡಿ-ಮೈಲಿಗೆಗಳ ನಡುವೆ ಬೆಳೆದ ಹುಡುಗ ಒಮ್ಮೆ ದೇವರ ಕಲ್ಲಿನ ಮೇಲೆ ಮೂತ್ರ ಮಾಡಿ, ಏನಾದೀತೋ ಎಂದು ಪರೀಕ್ಷಿಸಿದ್ದನಂತೆ. ಇದನ್ನು ಅವರೇ ‘ಬೆತ್ತಲೆ ಪೂಜೆ ಯಾಕೆ ಕೂಡದು?’ ಪುಸ್ತಕದಲ್ಲಿ ಬರೆದಿದ್ದಾರೆ. 2014ರಲ್ಲಿ ಎಂ.ಎಂ. ಕಲಬುರ್ಗಿಯವರು ಈ ಪ್ರಸಂಗವನ್ನು ಸಭೆಯೊಂದರಲ್ಲಿ ನೆನೆದಾಗ ದೊಡ್ಡ ಗದ್ದಲವೇ ಎದ್ದಿತು. ಭಯವಿಲ್ಲದ ಹುಡುಗನಿಗೆ ಇಂಥ ಪರೀಕ್ಷೆ ಬೇಕಿರಲಿಲ್ಲ.

ಆ ಬಾಲ್ಯದ ಲೋಕವೇ ‘ಘಟಶ್ರಾದ್ಧ’ ಕಥೆಯ ನೆಲ. 1977ರಲ್ಲಿ ಗಿರೀಶ ಕಾಸರವಳ್ಳಿ ಇದನ್ನು ಕಪ್ಪು-ಬಿಳುಪು ಚಿತ್ರವಾಗಿಸಿ, ಸ್ವರ್ಣಕಮಲ ಗಳಿಸಿದರು. ವೇದ ಕಲಿಯಲು ಬಂದ ಪುಟ್ಟ ನಾಣಿಗೆ ಹಿರಿಯ ಹುಡುಗರ ಕಾಟ. ಸಂತೈಸುವವಳು ಗುರುಗಳ ಮಗಳು, ವಿಧವೆ ಯಮುನಕ್ಕ ಒಬ್ಬಳೇ. ಅವಳು ಬಸುರಾದಾಗ ಊರು ತೀರ್ಪು ಕೊಡುತ್ತದೆ. ಬದುಕಿರುವ ಮಗಳನ್ನು ಸತ್ತವಳೆಂದು ಬಗೆದು, ತಂದೆಯೇ ಘಟಶ್ರಾದ್ಧ ಮಾಡುತ್ತಾರೆ. ಅವಳ ತಲೆ ಬೋಳಿಸಿ ಊರಾಚೆ ಬಿಡಲಾಗುತ್ತದೆ. ನಾಣಿಯನ್ನು ಅವನ ಅಪ್ಪ ಬಂದು ಕರೆದೊಯ್ಯುತ್ತಾನೆ.

ಇಲ್ಲಿ ಶಾಸ್ತ್ರವನ್ನು ಖಂಡಿಸುವ ಭಾಷಣವಿಲ್ಲ. ಎಲ್ಲವನ್ನೂ ಕಾಣುವುದು ಒಬ್ಬ ಬಾಲಕ. ಅವನಿಗೆ ನಿಯಮಗಳು ಅರ್ಥವಾಗುವುದಿಲ್ಲ, ಪ್ರೀತಿ ಅರ್ಥವಾಗುತ್ತದೆ. ಆದರೂ ಅವನು ಯಮುನಕ್ಕನನ್ನು ಉಳಿಸಲಾರ. ಕಟ್ಟುನಿಟ್ಟಿನ ಬಾಲ್ಯ ಮಗುವಿನ ಮೇಲೆ ಹೊರಿಸುವ ನಿಜವಾದ ಭಾರ ಇದು: ತನಗೆ ಬಿದ್ದ ಪೆಟ್ಟಿಗಿಂತ, ಇನ್ನೊಬ್ಬರಿಗೆ ಬಿದ್ದ ಪೆಟ್ಟನ್ನು ನೋಡುತ್ತ ಸುಮ್ಮನಿದ್ದ ನೆನಪು.

1965ರ ‘ಸಂಸ್ಕಾರ’ದಲ್ಲೂ ಇದೇ ಇಕ್ಕಟ್ಟು ಬೆಳೆದ ರೂಪದಲ್ಲಿದೆ. ಆಚಾರಗೆಟ್ಟ ನಾರಣಪ್ಪನ ಹೆಣ ಸುಡುವವರಾರೆಂಬ ಪ್ರಶ್ನೆಗೆ ಪ್ರಾಣೇಶಾಚಾರ್ಯರು ಓದಿದ ಶಾಸ್ತ್ರ ಉತ್ತರ ಕೊಡುವುದಿಲ್ಲ.

ಅನಂತಮೂರ್ತಿ 2014ರಲ್ಲಿ ತೀರಿಕೊಂಡರು. ಹತ್ತು ವರ್ಷಗಳ ನಂತರ, 2024ರಲ್ಲಿ, ಪುನಶ್ಚೇತನಗೊಂಡ ‘ಘಟಶ್ರಾದ್ಧ’ ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡಿತು. ಅಗ್ರಹಾರವನ್ನೇ ಕಾಣದವರಿಗೂ ಆ ಹುಡುಗನ ಅಳು ತಿಳಿಯುತ್ತದೆ. ಮಕ್ಕಳೆದುರು ದೊಡ್ಡವರು ಯಾರನ್ನೋ ಹೊರಗಿಡುವ ಊರುಗಳು ಎಲ್ಲೆಡೆಯೂ ಇವೆ.